ಬೀಟೆಮಂಚದ ಸಾಕ್ಷಿ

ಚಿಕ್ಕಬಳ್ಳಾಪುರ
14 ಫೆಬ್ರವರಿ 2024

ಮುರಳಿಮೋಹನನಿಗೆ,

ಕ್ಷೇಮ ವಿಚಾರಿಸಿ ಕಾಗದ ಶುರುಮಾಡುವ ಸ್ಥಿತಿಯಲ್ಲಿ ನಾನಿಲ್ಲ. ನೀನು ಚೆನ್ನಾಗಿಯೇ ಇರುತ್ತೀಯ, ಅದು ಗೊತ್ತು. ಈ ಸೊಟ್ಟ ಅಕ್ಷರ ಯಾರದು ಎಂದು ಗಾಬರಿಯಾಗಬೇಡ, ನನ್ನದೇ. ಎಡಗೈಯಲ್ಲಿ ಬರೆಯಲು ಕಲಿತು ಇವತ್ತಿಗೆ ಹನ್ನೆರಡು ದಿನ. ಬಲಗೈಯನ್ನು ಡಾಕ್ಟರು ಮೂರು ಸಲ ಕೊಯ್ದಿದ್ದಾರೆ. ಹೆಬ್ಬೆರಳು ಅಲುಗಾಡುತ್ತದೆ. ಉಳಿದ ನಾಲ್ಕರ ಬಗ್ಗೆ ಕೇಳಿದರೆ ಅವರು ನನ್ನ ಮಗಳು ತನುಜಳ ಮುಖ ನೋಡುತ್ತಾರೆ. ದವಡೆಗೆ ತಂತಿ ಬಿಗಿದಿದ್ದಾರೆ, ಸ್ಟ್ರಾ ಹಾಕಿಕೊಂಡು ರಾಗಿ ಗಂಜಿ ಕುಡಿಯುತ್ತೇನೆ. ಮಾತಾಡಲು ಆಗದು, ಅದಕ್ಕೇ ಈ ಕಾಗದ. ಆಗಿದ್ದರೂ ಪ್ರಯೋಜನವಿರಲಿಲ್ಲ, ಅವತ್ತಿನಿಂದ ನಿನ್ನ ಫೋನು ಸ್ವಿಚ್ ಆಫ್.

ನಿನ್ನೆ ಗೌರಿಬಿದನೂರಿನಿಂದ ಪೊಲೀಸರು ಬಂದಿದ್ದರು. ನನ್ನ ದೂರಿನ ಮೇಲೆ ನರಸಿಂಹಪ್ಪ, ಅವನ ಮಗ ಹರಿಕೃಷ್ಣ, ಅವರ ನೆಂಟರಿಬ್ಬರು, ಒಟ್ಟು ನಾಲ್ವರ ಮೇಲೆ ಜಾತಿ ದೌರ್ಜನ್ಯದ ಕೇಸಾಗಿದೆ. ಅದಕ್ಕೆ ಎದುರಾಗಿ ನರಸಿಂಹಪ್ಪನೂ ಒಂದು ದೂರು ಕೊಟ್ಟಿದ್ದಾನೆ. ಜನವರಿ ಹದಿನೆಂಟರ ಮಧ್ಯಾಹ್ನ ಮನೆಯವರು ಹೊಲದಲ್ಲಿದ್ದಾಗ, ಗಂಗರಾಜು ಎಂಬ ಆಸಾಮಿ ಮನೆಗೆ ನುಗ್ಗಿ, ಅವನ ತಾಯಿ ಅಕ್ಕಯ್ಯಮ್ಮನ ಒಡವೆ ಕದಿಯಲು ಮಂಚದ ಕೆಳಗೆ ಅಡಗಿದ್ದನಂತೆ. ಹಿಡಿಯಲು ಹೋದಾಗ ಓಡಿ, ಹೊಸ್ತಿಲು ಎಡವಿ ಬಿದ್ದು ಗಾಯ ಮಾಡಿಕೊಂಡನಂತೆ. ನಾಲ್ಕು ಬೆರಳೂ ಎಡವಿ ಪುಡಿಯಾದವು, ದವಡೆಯೂ ಅಷ್ಟೇ! ಎಡವುವುದರಲ್ಲಿ ನನ್ನಷ್ಟು ಪಳಗಿದವನು ಜಿಲ್ಲೆಯಲ್ಲೇ ಇರಲಿಕ್ಕಿಲ್ಲ. ನೀನು ಮಂಚ ನೋಡಿಕೊಂಡು ಅರ್ಧ ಗಂಟೆ ಮೊದಲೇ ಹೊರಟುಹೋಗಿದ್ದೆಯಂತೆ. ನಿನಗೆ ಎಷ್ಟು ಅನುಕೂಲ ಮಾಡಿಕೊಟ್ಟಿದ್ದಾರೆ ನೋಡು.

ನಾನು ಕಳ್ಳನಲ್ಲ ಎಂದು ಹೇಳಬಲ್ಲವನು ನೀನೊಬ್ಬನೇ.

ನಡೆದದ್ದನ್ನು ಮರೆತಿರಲಾರೆ. ಆದರೂ ಬರೆಯುತ್ತೇನೆ, ಮರೆತರೆ ಲಾಭ ಇರುವಾಗ ಜನ ಬೇಗ ಮರೆಯುತ್ತಾರೆ. ನಮ್ಮ ಬೆಂಗಳೂರಿನ ಗಿರಾಕಿಗೆ ನರಸಿಂಹಪ್ಪನ ಮನೆಯ ಬೀಟೆಮಂಚ ಬೇಕಾಗಿತ್ತು. ನಿಜವಾಗಿ ಹಳೆಯದೋ ಅಲ್ಲವೋ ನಾವು ನೋಡಿ ಹೇಳಬೇಕಿತ್ತು. ಎಂದಿನ ಹಾಗೆ ನೀನು ಒಳಗೆ ಹೋದೆ, ನಾನು ಹುಣಸೆಮರದ ಕೆಳಗೆ ಕಾರಿನಲ್ಲಿ ಕೂತೆ. ನಿನ್ನ ಕಿವಿಯಲ್ಲಿ ಇಯರ್‌ಫೋನು, ನನ್ನ ಕೈಯಲ್ಲಿ ವೀಡಿಯೊ ಕಾಲ್. ತಲೆಹಲಗೆಯ ಕೆತ್ತನೆ ತೋರಿಸಿದೆ. ಮಂಚದ ಕಾಲು ತೋರಿಸುವಷ್ಟರಲ್ಲಿ ಆ ಮಣ್ಣುಗೋಡೆಯ ಮನೆಯಲ್ಲಿ ನೆಟ್‌ವರ್ಕ್ ಹೋಯಿತು. ನೀನು ಬಾಗಿಲಿಗೆ ಬಂದು ಕೈ ಬೀಸಿ ಕರೆದೆ. ನಾನು ಬೇಡವೆಂದು ತಲೆಯಾಡಿಸಿದೆ. ಮತ್ತೆ ಕರೆದೆ. "ಬಾರೋ ಗಂಗ, ಯಾರೂ ಇಲ್ಲ. ಅಜ್ಜಿ ಒಬ್ರೇ, ಹಿತ್ತಲಲ್ಲಿ ಅವರೆಕಾಯಿ ಸುಲೀತಾವ್ರೆ. ಎರಡು ನಿಮಿಷ ಮುಟ್ಟಿ ನೋಡ್ಬಿಟ್ಟು ಹೋಗು" ಅಂದೆ.

ಮುಟ್ಟದೆ ಹೇಳಲಾಗದ ಮಂಚ ಅದು. ಕಡೆದು ಮಾಡಿದ ಕಾಲು ನೂರು ವರ್ಷ ಕಳೆದರೆ ಪೂರ್ತಿ ದುಂಡಗೆ ಉಳಿಯುವುದಿಲ್ಲ, ಮರ ಒಂದು ಕಡೆ ಹೆಚ್ಚು ಒಣಗಿ ಒಂದಿಷ್ಟು ಚಪ್ಪಟೆಯಾಗುತ್ತದೆ. ಕಣ್ಣಿಗೆ ಕಾಣದು, ಬೆರಳಿಗೆ ಗೊತ್ತಾಗುತ್ತದೆ. ಅದಕ್ಕೇ ಬಂದೆ. ಚಪ್ಪಲಿ ಹೊರಗೆ ಬಿಟ್ಟು ಬಂದೆ. ಮಂಚದ ಕೆಳಗೆ ಅಂಗಾತ ಮಲಗಿ ಕಾಲಿನ ಸುತ್ತ ಬೆರಳು ಆಡಿಸಿದೆ. ಚಪ್ಪಟೆಯಾಗಿತ್ತು. "ಅಸಲು ಕಣೋ ಮುರಳಿ" ಎಂದು ಕೂಗಿದೆ. ಅಷ್ಟರಲ್ಲಿ ಯಾರೋ ನನ್ನ ಎರಡೂ ಕಾಲು ಹಿಡಿದು ಎಳೆದರು. "ಎವುರ್ರಾ ವೀಡು?" ಯಾರೋ ಇವನು ಎಂದು ನರಸಿಂಹಪ್ಪ ಅಬ್ಬರಿಸಿದ, ಅವರ ಮನೆಮಾತು ತೆಲುಗು. ಶಿಡ್ಲಘಟ್ಟದಲ್ಲಿ ಓದಿದ ಹರಿಕೃಷ್ಣ ನನ್ನ ಗುರುತು ಹಿಡಿದ. "ಜಂಗಮಕೋಟೆ ಚೆನ್ನರಾಯಪ್ಪನ ಮಗ ಕಣಪ್ಪ ಇವ್ನು! ಕೇರಿಯೋನು! ಅಜ್ಜಿ ಮಂಚದ ಕೆಳಗೆ ಮಲ್ಗವ್ನೆ!"

ಇವನು ನಿನ್ನ ಜೊತೆ ಬಂದವನೋ ಎಂದು ಅವರು ನಿನ್ನನ್ನು ಕೇಳಿದರು. "ನಂಗೊತ್ತಿಲ್ಲ. ನಾನು ಕರ್ದಿಲ್ಲ" ಅಂದೆ.

ಆಮೇಲೆ ನರಸಿಂಹಪ್ಪ ಮುಖಕ್ಕೆ ಒದ್ದ. ದವಡೆ ಮುರಿದ ಸದ್ದು ನನಗೇ ಕೇಳಿಸಿತು. ನೆಂಟರಿಬ್ಬರು ಕಾಲು ಹಿಡಿದಿದ್ದರು. ಬಲಗೈಯನ್ನು ಹೊಸ್ತಿಲ ಮೇಲೆ ಇಡಿಸಿದರು. "ಮುಟ್ಟಿದ್ದು ಇದೇ ಕೈ ಅಲ್ವ" ಎಂದು ಹರಿಕೃಷ್ಣ ಒನಕೆ ಎತ್ತಿದ. ನಾಲ್ಕು ಏಟು.

ನೀನು ಆಡಿದ ಆ ಒಂದು ಮಾತನ್ನು ವಾಪಸು ತೆಗೆದುಕೋ, ಮುರಳಿ. ಕೋರ್ಟಿನಲ್ಲಿ ನಿಂತು ನಾನೇ ಕರೆದೆ ಅನ್ನು. ದೂರಿನಲ್ಲಿ ನಿನ್ನನ್ನು ಸಾಕ್ಷಿ ಎಂದು ಬರೆದಿದ್ದೇನೆ. ನೀನು ಹಾಗೆ ಹೇಳಿದರೆ ಕಳ್ಳತನದ ಕೇಸು ಬಿದ್ದುಹೋಗುತ್ತದೆ. ಹೇಳದಿದ್ದರೆ ನಾನು ಕೈ ಕಳೆದುಕೊಂಡದ್ದಲ್ಲದೆ ಕಳ್ಳನೆಂದು ಜೈಲಿಗೂ ಹೋಗುತ್ತೇನೆ.

ಇಂತಿ,
ಗಂಗರಾಜು


ಜಂಗಮಕೋಟೆ
3 ಮಾರ್ಚ್ 2024

ಗಂಗ,

ಕಾಗದ ಬಂತು. ನಿನ್ನ ಅಕ್ಷರ ನೋಡಿ ಆ ದಿನ ಊಟ ಸೇರಲಿಲ್ಲ.

ಫೋನ್ ಆಫ್ ಮಾಡಿದ್ದು ನಿನ್ನಿಂದ ತಪ್ಪಿಸಿಕೊಳ್ಳಲು ಅಲ್ಲ. ಆ ಕಡೆಯವರು ದಿನಕ್ಕೆ ಇಪ್ಪತ್ತು ಸಲ ಮಾಡುತ್ತಿದ್ದರು. ಮೊನ್ನೆ ನಾಲ್ಕು ಜನ ಕಾರು ಮಾಡಿಕೊಂಡು ಮನೆಗೇ ಬಂದರು. ಚೈತನ್ಯ ಹುಳಮನೆಯಲ್ಲಿ ಸೊಪ್ಪು ಹಾಕುತ್ತಿದ್ದ. ಅವನ ಹೆಗಲ ಮೇಲೆ ಕೈಯಿಟ್ಟು "ಮಗ ಬೆಳ್ದುಬಿಟ್ಟವ್ನೆ. ಮದ್ವೆ ಯಾವಾಗ ಮುರಳಿ?" ಅಂದರು. ಮಗಳು ಯಾಮಿನಿ ಮಾಡಿಕೊಟ್ಟ ಕಾಫಿ ಕುಡಿದರು. ಹೊರಡುವಾಗ ಅವರಲ್ಲೊಬ್ಬ ತಟ್ಟೆಯಿಂದ ಒಂದು ರೇಷ್ಮೆಹುಳ ಎತ್ತಿಕೊಂಡು, ನನ್ನನ್ನೇ ನೋಡುತ್ತಾ ಎರಡು ಬೆರಳಲ್ಲಿ ಹಿಸುಕಿ, ನಮ್ಮ ಗೋಡೆಗೆ ಕೈ ಒರೆಸಿ ಹೋದ. ಬಾಯಲ್ಲಿ ಒಂದು ಕೆಟ್ಟ ಮಾತು ಆಡಲಿಲ್ಲ.

ನಾನು ಸಾಕ್ಷಿ ಹೇಳಿದರೆ ನಮ್ಮವರಲ್ಲಿ ನನ್ನ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ, ನನ್ನ ಮನೆಯಿಂದ ಹೆಣ್ಣು ತೆಗೆದುಕೊಳ್ಳುವುದೂ ಇಲ್ಲ. ಚೈತನ್ಯ, ಯಾಮಿನಿ ಇಬ್ಬರೂ ಮದುವೆಗೆ ಬಂದಿದ್ದಾರೆ. ನರಸಿಂಹಪ್ಪ ರಾಜಿಗೆ ತಯಾರಿದ್ದಾನೆ. ಎರಡೂ ಕಡೆಯವರು ಕೇಸು ವಾಪಸು ತೆಗೆದುಕೊಂಡರೆ ಇಲ್ಲಿಗೇ ಮುಗಿಯುತ್ತದೆ. ಯೋಚನೆ ಮಾಡು.

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಾನು ಕರೆದೆ, ಸರಿ. ಒಳಗೆ ಬರುವ ಮುಂಚೆ ನೀನಾದರೂ ಯೋಚನೆ ಮಾಡಬೇಕಿತ್ತು.

ನಿನ್ನ,
ಮುರಳಿ


ಚಿಕ್ಕಬಳ್ಳಾಪುರ
11 ಮಾರ್ಚ್ 2024

ಪೀಠೋಪಕರಣ ತಜ್ಞರಾದ ಮುರಳಿಮೋಹನ್ ಅವರಿಗೆ,

ಯೋಚನೆ ಮಾಡಬೇಕಿತ್ತು ಅಂದಿದ್ದೀರಿ. ಈಗ ಅದನ್ನೇ ಮಾಡುತ್ತಿದ್ದೇನೆ, ಬೇರೆ ಕೆಲಸವಿಲ್ಲ. ಯೋಚನೆ ಮಾಡಿ ಮಾಡಿ ಮೊನ್ನೆ ಗಂಜಿಯ ಲೋಟವನ್ನು ಗೋಡೆಗೆ ಬಡಿದೆ. ಹರಿಕೃಷ್ಣನನ್ನು ಕೊಲ್ಲಬೇಕೆಂದು ದಿನವೂ ಅನಿಸುತ್ತದೆ. ಎಡಗೈಗೆ ಒಗ್ಗುವ ಸಣ್ಣ ಉಳಿಯೊಂದನ್ನು ಮಸೆದು ಇಟ್ಟುಕೊಂಡಿದ್ದೆ. ನನ್ನ ಹೆಂಡತಿ ಆಂಜಿನಮ್ಮ ಅದನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದಾಳೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾಳೆ.

ನೆನಪು ಮಾಡಿಕೋ. ಚಿಂತಾಮಣಿಯ ಸಾಮಿಲ್ಲಿನಲ್ಲಿ ಹನ್ನೊಂದು ವರ್ಷ ಮರ ಕೊಯ್ದವನು ನಾನು. ಕೈಗರಗಸದ ಗೆರೆ ನೆಟ್ಟಗೆ ಇದ್ದರೂ ಒಂದರ ಹಾಗೆ ಒಂದಿರುವುದಿಲ್ಲ, ಮಿಷಿನ್ನಿನ ಗೆರೆ ಬಳೆಯ ಹಾಗೆ ಬಾಗಿರುತ್ತದೆ. ಯಾವ ಸಾಮಾನಿನ ತಳ ನೋಡಿದರೂ ಅದರ ಜಾತಕ ಹೇಳುತ್ತಿದ್ದೆ. ನೀನು ನಿಮ್ಮ ತಾತ ಮುನಿವೆಂಕಟಪ್ಪನವರ ಬೀರು ಮಾರಲು ತಂದಾಗ, ಮೇಲಿನ ಅರ್ಧ ಹಳೆಯದು, ಕೆಳಗಿನ ಅರ್ಧ ಮೊನ್ನೆ ಮೊನ್ನೆ ಯಾರೋ ಸೇರಿಸಿದ್ದು ಎಂದು ನಾನು ಹೇಳಿದೆ. ನೀನು ಜಗಳಕ್ಕೆ ಬಂದೆ. ನಾನು ಬಗ್ಗಿ ತೋರಿಸಿದ ಮೇಲೆ ನೀನೇ ನಕ್ಕೆ. "ನಿನ್ ಕಣ್ಣು, ನನ್ ಬಾಯಿ. ಇಬ್ರೂ ಸೇರಿ ವ್ಯಾಪಾರ ಮಾಡಣ" ಅಂದೆ. ಹೈವೇ ಪಕ್ಕ ಅಂಗಡಿ ಹಾಕಿದೆವು. ಬೋರ್ಡಿನ ಮೇಲೆ ನಿನ್ನ ಹೆಸರು ಮಾತ್ರ ಇರಲಿ, ಹಳ್ಳಿ ಕಡೆ ಮನೆಯವರು ಬಾಗಿಲು ತೆಗೆಯುತ್ತಾರೆ ಎಂದು ನೀನು ಅಂದೆ. ಸರಿ ಎಂದು ನಾನೇ ಏಣಿ ಹಿಡಿದುಕೊಂಡು ಬೋರ್ಡು ಕಟ್ಟಿಸಿದೆ.

ಆಗ ಮೊಬೈಲು ಎಲ್ಲಿತ್ತು? ನೀನು ಒಳಗೆ ನೋಡುವುದು, ಹೊರಗೆ ಬಂದು ರಸ್ತೆಯಲ್ಲಿ ನಿಂತ ನನಗೆ ಹೇಳುವುದು, ನಾನು ಕೇಳಿದ ಪ್ರಶ್ನೆ ತೆಗೆದುಕೊಂಡು ಮತ್ತೆ ಒಳಗೆ ಹೋಗುವುದು. ಒಂದು ಸಾಮಾನಿಗೆ ಐದಾರು ಸಲ. ಕೈವಾರದ ಕಡೆ ಒಬ್ಬ ಯಜಮಾನಿ "ಪಾಪ, ಸಕ್ಕರೆ ಕಾಯಿಲೆನಾ ನಿಮ್ಗೆ?" ಎಂದು ಕೇಳಿದ್ದಳಲ್ಲ, ಕಾರಿನಲ್ಲಿ ಚಿಕ್ಕಬಳ್ಳಾಪುರದವರೆಗೂ ನಗುತ್ತಾ ಬಂದೆವು. ಈಗ ಅದನ್ನು ನೆನೆದರೆ ನನಗೆ ನನ್ನ ಮೇಲೇ ಉಗಿಯಬೇಕು ಅನಿಸುತ್ತದೆ. ಏನು ನಗು ಬಂದಿತ್ತು ನನಗೆ?

ಕಳವಾರದ ತೊಟ್ಟಿಲು, ಚಿಂತಾಮಣಿಯ ಉಯ್ಯಾಲೆ ಮಣೆ, ಶಿಡ್ಲಘಟ್ಟದ ಸಾಹೇಬರ ಮನೆಯ ಮಡಿಚುವ ಮೇಜು. ಎಲ್ಲದಕ್ಕೂ ನಾನು ರಸ್ತೆಯಲ್ಲಿ ನಿಂತು ವಯಸ್ಸು ಹೇಳಿದೆ, ನೀನು ಒಳಗೆ ನಿಂತು ಒಪ್ಪಿಸಿದೆ. ಸಾಹೇಬರು ಮಾತ್ರ ಆಮೇಲೆ ತಾವೇ ಕರೆದು ನನ್ನನ್ನೂ ಕೂರಿಸಿ ಚಹಾ ಕೊಟ್ಟರು. ಉಳಿದ ಕಡೆ ನೀನು ಕಾಫಿ ಕುಡಿದು ಬಾಯಿ ಒರೆಸಿಕೊಂಡು ಬರುತ್ತಿದ್ದೆ. ಪೇಪರಿನವರು ಬಂದು ನಿನ್ನ ಫೋಟೋ ತೆಗೆದು ತಜ್ಞರು ಎಂದು ಬರೆದಾಗ, ಅದನ್ನು ಕತ್ತರಿಸಿ ಅಂಗಡಿಯಲ್ಲಿ ಅಂಟಿಸಿದವನೂ ನಾನೇ. ಇಪ್ಪತ್ತೆರಡು ವರ್ಷ ನಾನು ಒಳಗೆ ಬರುತ್ತೇನೆ ಅನ್ನಲಿಲ್ಲ. ನೀನೂ ಒಂದು ದಿನ ಬಾ ಅನ್ನಲಿಲ್ಲ. ಬಾ ಅಂದ ಮೊದಲ ದಿನವೇ ನನ್ನ ಕೈ ಹೋಯಿತು, ಮತ್ತೆ ನಾನು ಯೋಚನೆ ಮಾಡಬೇಕಿತ್ತೇ?

ರಾಜಿ ಇಲ್ಲ. ನಿನ್ನ ಮಕ್ಕಳ ಮದುವೆಗೆ ನನ್ನ ಬೆರಳು ಕಾಣಿಕೆ ಕೊಡಲಾರೆ. ನಿನ್ನ ಬಾಯಿಂದ ನನಗೆ ಬೇಕಾಗಿರುವುದು ಒಂದೇ ಮಾತು.

ಗಂಗರಾಜು,
ಆಸಾಮಿ


ಚಿಕ್ಕಬಳ್ಳಾಪುರ
20 ಜೂನ್ 2024

ಮುರಳಿ ಅಂಕಲ್,

ನಾನು ತನುಜ. ಈ ಕಾಗದ ಬರೆಯುತ್ತಿರುವುದು ಅಪ್ಪನಿಗೆ ಗೊತ್ತಿಲ್ಲ. ಮೂರು ತಿಂಗಳಿಂದ ನೀವು ಅವರಿಗೆ ಉತ್ತರ ಬರೆದಿಲ್ಲ. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ದವಡೆಯ ತಂತಿ ಬಿಚ್ಚಿದ್ದಾರೆ. ಮಾತಾಡುತ್ತಾರೆ, ಆದರೆ ಅಮ್ಮನ ಜೊತೆಗೂ ಜಗಳವೇ. ನಾಲ್ಕು ಬೆರಳಲ್ಲಿ ಎರಡನ್ನು ತೆಗೆದರು. ಉಳಿದ ಎರಡಕ್ಕೆ ಸ್ಪರ್ಶವಿಲ್ಲ. ಹೋದ ವಾರ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಒಂದು ಹಳೆಯ ಸ್ಟೂಲಿನ ಕಾಲನ್ನು ಆ ಕೈಯಲ್ಲಿ ತಡವಿದರು, ಎಡಗೈಯಲ್ಲಿ ತಡವಿದರು, ಆಮೇಲೆ ಕೊಡಲಿ ತಂದು ಅದನ್ನು ಸೀಳಿ ಹಾಕಿದರು. ತಡೆಯಲು ಹೋದ ನನ್ನನ್ನು ತಳ್ಳಿದರು. ಅವರು ಎಂದೂ ನನ್ನ ಮೇಲೆ ಕೈ ಮಾಡಿದವರಲ್ಲ.

ನಿಮ್ಮನ್ನು ಒಂದು ವಿಷಯ ಕೇಳಬೇಕು. ಮಧ್ಯಾಹ್ನ ಊಟ ಮಾಡಿ ಮಲಗಿದರೆ ಅಪ್ಪ ನಿದ್ದೆಯಲ್ಲಿ ಕೂಗುತ್ತಾರೆ. "ಬಿಡೋ ಮುರಳಿ, ಬಿಡೋ, ಒತ್ತಬೇಡ್ವೋ" ಎಂದು. ಹರಿಕೃಷ್ಣನ ಹೆಸರು ಒಂದು ಸಲವೂ ಬಂದಿಲ್ಲ.

ನಾನು ದೂರಿನ ಪ್ರತಿ ತೆಗೆದು ಓದಿದೆ. ಒದ್ದವನು ನರಸಿಂಹಪ್ಪ. ಕಾಲು ಹಿಡಿದವರು ನೆಂಟರಿಬ್ಬರು. ಒನಕೆ ಎತ್ತಿದವನು ಹರಿಕೃಷ್ಣ, ಅದಕ್ಕೆ ಅವನ ಎರಡೂ ಕೈ ಬೇಕು. ಹಾಗಾದರೆ ಅಪ್ಪನ ಕೈಯನ್ನು ಹೊಸ್ತಿಲ ಮೇಲೆ ಹಿಡಿದಿದ್ದವರು ಯಾರು? ದೂರಿನಲ್ಲಿ ಅದಿಲ್ಲ. ಅಪ್ಪನನ್ನು ಕೇಳಿದರೆ "ನಿನ್ ಕೆಲ್ಸ ನೋಡ್ಕೊ ಹೋಗಮ್ಮ" ಎಂದು ಎದ್ದು ಹೋದರು.

ನಾನು ಚಿಕ್ಕವಳಿದ್ದಾಗ ನೀವು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಂದಿಬೆಟ್ಟ ಹತ್ತಿಸಿದ್ದೀರಿ. ಅದಕ್ಕೇ ಪೊಲೀಸರ ಹತ್ತಿರ ಹೋಗುವ ಮೊದಲು ನಿಮ್ಮನ್ನೇ ಕೇಳುತ್ತಿದ್ದೇನೆ. ಉತ್ತರವನ್ನು ನನಗೆ ಬರೆಯಬೇಡಿ. ಅಪ್ಪನಿಗೆ ಬರೆಯಿರಿ.

ತನುಜ


ಜಂಗಮಕೋಟೆ
9 ಜುಲೈ 2024

ಗಂಗ,

ತನುಜ ಕೇಳಿದ್ದಾಳೆ. ಬರೆಯುತ್ತೇನೆ.

ನಾನು ಕರೆದಿಲ್ಲ ಅಂದ ಮೇಲೆ ನರಸಿಂಹಪ್ಪ ನನ್ನ ಮುಖವನ್ನೇ ನೋಡಿದ. "ನಿಂಜೊತೆ ಬಂದಿಲ್ಲ ಅಂದ್ಮೇಲೆ ನಿಂಗೇನಪ್ಪ, ಹಿಡ್ಕೊ ಅವನ ಕೈನ" ಅಂದ. ನಾನು ಬಗ್ಗಿ ಹಿಡಿದೆ. ಮೆಲ್ಲಗೆ ಹಿಡಿಯೋಣ, ನೀನು ಎಳೆದುಕೊಂಡರೆ ಎಳೆದುಕೊಳ್ಳಲಿ ಎಂದು ಮೊದಲು ಅಂದುಕೊಂಡೆ. ಅಷ್ಟರಲ್ಲಿ ಒನಕೆ ಮೇಲೆ ಹೋಯಿತು. ನೀನು ಎಳೆದುಕೊಂಡರೆ ಅದು ನನ್ನ ಕೈಗೆ ಬೀಳುತ್ತದೆ ಎಂದು ತಲೆಗೆ ಹೊಳೆಯಿತು. ಅದಕ್ಕೇ ಗಟ್ಟಿಯಾಗಿ ಒತ್ತಿದೆ. ಎರಡೂ ಕೈ ಹಾಕಿ, ಮೊಣಕಾಲು ಊರಿ ಒತ್ತಿದೆ. ಅವರ ಭಯಕ್ಕೆ ಹಿಡಿದೆ ಎಂದು ಆರು ತಿಂಗಳಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹಿಡಿದಿದ್ದು ಭಯಕ್ಕೇ. ಗಟ್ಟಿಯಾಗಿ ಒತ್ತಿದ್ದು ನನ್ನ ಬೆರಳು ಉಳಿಸಿಕೊಳ್ಳಲಿಕ್ಕೆ.

ಮೊದಲ ಏಟಿಗೆ ನೀನು ನನ್ನ ಹೆಸರು ಕೂಗಿದೆ. ಅವರ ಹೆಸರಲ್ಲ. ನಾನು ಹೇಗಾದರೂ ಬಿಡಿಸುತ್ತೇನೆ ಅಂದುಕೊಂಡಿದ್ದೆಯೋ ಏನೋ. ರಕ್ತ ನನ್ನ ಅಂಗಿಯ ತೋಳಿಗೆ ಹಾರಿತು. ಆ ಅಂಗಿಯನ್ನು ದಾರಿಯಲ್ಲಿ ಕಾಲುವೆಗೆ ಎಸೆದು, ಬನಿಯನ್ನಿನಲ್ಲೇ ಮನೆಗೆ ಬಂದೆ. ಎಲ್ಲಿ ಹೋಯಿತು ಅಂಗಿ ಎಂದು ಯಾಮಿನಿ ಕೇಳಿದರೆ ಸೆಕೆ ಅಂದೆ. ಜನವರಿ ತಿಂಗಳಲ್ಲಿ!

ನಿನಗೆ ಇದೆಲ್ಲ ಗೊತ್ತು. ಪ್ರಜ್ಞೆ ಇತ್ತು, ಕಣ್ಣು ತೆರೆದಿತ್ತು, ನನ್ನನ್ನೇ ನೋಡುತ್ತಿದ್ದೆ. ಆದರೂ ದೂರಿನಲ್ಲಿ ನನ್ನ ಹೆಸರು ಯಾಕೆ ಬಿಟ್ಟೆ? ನಿನ್ನ ಕಾಗದ ಬಂದಾಗಲೆಲ್ಲ ಒಂದು ಸಾಲಿನಲ್ಲಾದರೂ ಅದನ್ನು ಕೇಳುತ್ತೀಯ ಎಂದು ಹೆದರಿಕೊಂಡು ಒಡೆಯುತ್ತಿದ್ದೆ. ಕೇಳಲಿಲ್ಲ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಮುರಳಿ


ಚಿಕ್ಕಬಳ್ಳಾಪುರ
2 ಆಗಸ್ಟ್ 2024

ಮುರಳಿ,

ಸ್ನೇಹಕ್ಕೆ ಬಿಟ್ಟೆ ಅಂದುಕೊಂಡು ಕಣ್ಣೀರು ಹಾಕಬೇಡ. ನಿನ್ನನ್ನು ಆರೋಪಿ ಮಾಡಿದರೆ ನನಗೆ ಸಾಕ್ಷಿ ಯಾರು? ಹುಳ ಹಿಡಿದ ಕಾಲೆಂದು ಕಿತ್ತೆಸೆದರೆ ಮಂಚವೇ ನಿಲ್ಲುವುದಿಲ್ಲ, ಅಷ್ಟೇ ಲೆಕ್ಕ. ನನಗೆ ನಿನ್ನಿಂದ ಕೆಲಸವಾಗಬೇಕಿದೆ.

ತನುಜಳಿಗೆ ಎಲ್ಲ ಹೇಳಿದ್ದೇನೆ. ಎರಡು ದಿನ ಕಾಲೇಜಿಗೆ ರಜಾ ಹಾಕಿ ಮಲಗಿದಳು. ಪೊಲೀಸರಿಗೆ ಹೇಳಬಾರದು ಎಂದು ಆಣೆ ಹಾಕಿಸಿಕೊಂಡಿದ್ದೇನೆ.

ಕೋರ್ಟಿಗೆ ಬಂದಾಗ ಕರೆದೆ ಎಂದು ಹೇಳು. ಹಿಡಿದೆ ಎಂದು ಹೇಳಬೇಡ. ಹೇಳಿದರೆ ಅವರ ಲಾಯರು ಮೋಹನ್‌ಬಾಬು, ಪೊಲೀಸರಿಗೇ ನಿಜ ಮುಚ್ಚಿಟ್ಟವನ ದೂರನ್ನು ನಂಬುವುದು ಹೇಗೆ ಎಂದು ನನ್ನ ಕೇಸನ್ನೇ ಬೀಳಿಸುತ್ತಾನೆ. ಬಿಡಿಸಲಿಲ್ಲ ಯಾಕೆ ಎಂದು ಕೇಳಿದರೆ, ಹೆದರಿ ನಿಂತುಬಿಟ್ಟೆ ಅನ್ನು. ಪೂರ್ತಿ ಸುಳ್ಳೂ ಅಲ್ಲ ಅದು.

ನಿನ್ನ ಕಾಗದ ಸುಡಲು ಹೋದೆ. ಕಡ್ಡಿ ಗೀರಲು ಎರಡು ಕೈ ಬೇಕು.

ಗಂಗರಾಜು


ಜಂಗಮಕೋಟೆ
27 ನವೆಂಬರ್ 2024

ಗಂಗ,

ಕೋರ್ಟಿನ ಸಮನ್ಸು ಬಂದು ನಾಲ್ಕನೇ ದಿನಕ್ಕೆ ಯಾರೋ ನಮ್ಮ ಹಿಪ್ಪುನೇರಳೆ ತೋಟಕ್ಕೆ ಔಷಧಿ ಹೊಡೆದಿದ್ದರು. ಸೊಪ್ಪು ನೋಡಿದರೆ ಗೊತ್ತಾಗಲಿಲ್ಲ. ಬೆಳಿಗ್ಗೆ ಕೊಯ್ದು ತಂದು ಹಾಕಿದೆವು. ನಾಲ್ಕನೇ ಜ್ವರ ಮುಗಿಸಿ, ಕೊನೆಯ ಪೊರೆ ಕಳಚಿ, ಇನ್ನೇನು ಗೂಡು ಕಟ್ಟಬೇಕಾದ ಹುಳಗಳು. ಮಧ್ಯಾಹ್ನದ ಹೊತ್ತಿಗೆ ತಲೆ ಎತ್ತಿ ಒದ್ದಾಡಿ, ಬಾಯಿಂದ ಹಸಿರು ನೀರು ಕಕ್ಕಲು ಶುರುಮಾಡಿದವು. ಸಾವಿರಾರು ಹುಳ ಒಟ್ಟಿಗೆ. ಯಾಮಿನಿ ಒಂದೊಂದನ್ನೇ ಎತ್ತಿ ಬೇರೆ ತಟ್ಟೆಗೆ ಹಾಕುತ್ತಿದ್ದಳು, ಬೇರೆ ತಟ್ಟೆಯಲ್ಲೂ ಸತ್ತವು. ಗುಂಡಿ ತೋಡಿ ಹೂತೆವು.

ಅದಾಗಿ ವಾರಕ್ಕೆ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ ಚೈತನ್ಯನನ್ನು ಬೈಕಿನಿಂದ ಕೆಡವಿ ಹೊಡೆದರು. ಮೂರು ಪಕ್ಕೆಲುಬು ಮುರಿದಿವೆ. "ನಿಮ್ಮಪ್ಪನ್ ಕೇಳು, ಏನ್ ಮಾಡ್ದ ಅವತ್ತು ಅಂತ" ಎಂದು ಹೇಳಿ ಹೊಡೆದರಂತೆ. ಆಸ್ಪತ್ರೆಯಲ್ಲಿ ಅವನು ಕೇಳಿದ. ಹೇಳಿಬಿಟ್ಟೆ. ಒತ್ತಿದ್ದನ್ನೂ ಹೇಳಿದೆ, ಯಾಕೆ ಒತ್ತಿದೆ ಎಂದೂ ಹೇಳಿದೆ. ಅವನು ಗೋಡೆ ಕಡೆ ತಿರುಗಿಕೊಂಡ. ನಾನು ಕೊಟ್ಟ ನೀರು ಮುಟ್ಟಲಿಲ್ಲ. ಯಾಮಿನಿ ಕೊಟ್ಟ ಮೇಲೆ ಕುಡಿದ.

ಬರುತ್ತೇನೆ. ಇನ್ನು ನನ್ನನ್ನು ಹೆದರಿಸಲು ಅವರ ಹತ್ತಿರ ಹೆಚ್ಚೇನೂ ಉಳಿದಿಲ್ಲ.

ಮುರಳಿ


ಚಿಕ್ಕಬಳ್ಳಾಪುರ
22 ಮಾರ್ಚ್ 2025

ಮುರಳಿಮೋಹನ್, ವಿಚಾರಣಾ ಖೈದಿ, ಇವನಿಗೆ,

ಜೈಲಿನ ವಿಳಾಸಕ್ಕೆ ಇದು ನನ್ನ ಮೊದಲ ಕಾಗದ. ನಿನಗೆ ಕೊಡುವ ಮುಂಚೆ ಯಾರಾದರೂ ಓದಬಹುದು. ಓದಲಿ, ಮುಚ್ಚಿಡುವುದು ಇನ್ನೇನೂ ಇಲ್ಲ.

ಆ ದಿನ ನೀನು ಕಟಕಟೆ ಹತ್ತಿದಾಗ ನಾನು ಮೂರನೇ ಬೆಂಚಿನಲ್ಲಿದ್ದೆ. ಪಕ್ಕದಲ್ಲಿ ಆಂಜಿನಮ್ಮ, ತನುಜ. ಗಂಗರಾಜುವನ್ನು ಒಳಗೆ ಕರೆದವರು ಯಾರು ಎಂದು ಸರ್ಕಾರಿ ವಕೀಲರು ಕೇಳಿದರು. "ನಾನೇ ಸಾರ್. ಎರಡು ಸಲ ಕರೆದೆ. ಅವನು ಬರಲ್ಲ ಅಂದ, ನಾನೇ ಬಲವಂತ ಮಾಡ್ದೆ" ಅಂದೆ. ಆಂಜಿನಮ್ಮ ನನ್ನ ತೊಡೆ ಹಿಡಿದುಕೊಂಡಳು. ನನಗೆ ಬೇಕಾದದ್ದು ಸಿಕ್ಕಿತು, ಮನೆಗೆ ಹೋಗೋಣ ಅನಿಸಿತು.

ಆಮೇಲೆ ಮೋಹನ್‌ಬಾಬು ಎದ್ದ. "ಫ್ರೆಂಡು ಅಂತೀರ, ಹೊಡಿಯೋದನ್ನ ಕಣ್ಣಾರೆ ನೋಡ್ದೆ ಅಂತೀರ, ಬಿಡಿಸ್ಲಿಲ್ಲ ಅಂತೀರ. ಯಾಕ್ ಬಿಡಿಸ್ಲಿಲ್ಲ? ಯಾಕಂದ್ರೆ ನೀವು ಆವಾಗ ಅಲ್ಲಿ ಇರ್ಲೇ ಇಲ್ಲ. ಮೊದ್ಲೇ ಹೊರಟೋಗಿದ್ರಿ. ಇವಾಗ ಬಂದು ಕಥೆ ಹೇಳ್ತಾ ಇದೀರ." ನೀನು ಹೇಳಬೇಕಾದ ಉತ್ತರ ನಿನ್ನ ಹತ್ತಿರ ಇತ್ತು. ಹೆದರಿ ನಿಂತುಬಿಟ್ಟೆ ಅಂದಿದ್ದರೆ ಮುಗಿಯುತ್ತಿತ್ತು. ಹೇಳೋ, ಹೇಳೋ ಎಂದು ಒಳಗೊಳಗೇ ಕೂಗುತ್ತಿದ್ದೆ. ನೀನು ಸುಳ್ಳು ಹೇಳಲಿ ಎಂದು ನಾನು ಹಾರೈಸಿದ್ದು ಜೀವಮಾನದಲ್ಲಿ ಆ ಒಂದು ಸಲ.

ನೀನು ನನ್ನ ಕಡೆ ನೋಡಲಿಲ್ಲ. "ಬಿಡಿಸೋಕೆ ನನ್ನ ಕೈ ಖಾಲಿ ಇರ್ಲಿಲ್ಲ ಸಾರ್. ಅವನ ಬಲಗೈನ ಹೊಸ್ತಿಲ ಮೇಲೆ ಒತ್ತಿ ಹಿಡ್ಕೊಂಡಿದ್ದೋನು ನಾನೇ. ನಾಲ್ಕು ಏಟು ಮುಗಿಯೋವರ್ಗೂ ಬಿಡ್ಲಿಲ್ಲ" ಅಂದೆ.

ಜಡ್ಜರು ಬರೆಯುವುದನ್ನು ನಿಲ್ಲಿಸಿದರು. "ಏನ್ ಹೇಳ್ತಾ ಇದೀರ ಗೊತ್ತಾ ನಿಮ್ಗೆ?" ಅಂದರು. "ಗೊತ್ತು ಸ್ವಾಮಿ" ಅಂದೆ. ಹೊರಗೆ ಬಂದ ಕೂಡಲೇ ಹರಿಕೃಷ್ಣನ ಕಡೆಯವರು ಮೇಲೆ ಬಿದ್ದರು. ಮೆಟ್ಟಿಲ ಮೇಲೆ ಕೆಡವಿ ತುಳಿದರು, ನಿನ್ನ ಮೂಗಿನಿಂದ ರಕ್ತ ಸುರಿಯುತ್ತಿತ್ತು, ಪೊಲೀಸರು ಬಿಡಿಸುವ ಹೊತ್ತಿಗೆ ಅಂಗಿ ಚೂರಾಗಿತ್ತು. ನಾನು ಕಂಬದ ಹತ್ತಿರ ನಿಂತು ನೋಡಿದೆ. ಖುಷಿಯಾಯಿತು. ನಿಜ ಹೇಳುತ್ತೇನೆ, ಬಹಳ ಖುಷಿಯಾಯಿತು. ಆಮೇಲೆ ಕೋರ್ಟಿನ ಹಿಂದೆ ಹೋಗಿ ವಾಂತಿ ಮಾಡಿದೆ.

ಮರುದಿನ ನನ್ನನ್ನು ಮತ್ತೆ ಕಟಕಟೆಗೆ ಕರೆದರು. ಯಾರು ಹಿಡಿದರೋ ನೋವಿನಲ್ಲಿ ಗೊತ್ತಾಗಲಿಲ್ಲ ಅನ್ನಪ್ಪ, ಕೇಸು ಉಳಿಯುತ್ತದೆ ಎಂದು ತಿಳಿದವರೆಲ್ಲ ಹೇಳಿದ್ದರು. ತನುಜಳೂ ಹೇಳಿದ್ದಳು. ಆಟೋದಲ್ಲಿ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿದೆ. ಮೋಹನ್‌ಬಾಬು ನಗುತ್ತಾ ಬಂದ. "ಮುರಳಿಮೋಹನ್ ಹೇಳಿದ್ದು ನಿಜಾನಾ, ಸುಳ್ಳಾ?" ನಿಜ ಅಂದರೆ ನಾನು ಪೊಲೀಸರಿಗೆ ಮುಚ್ಚಿಟ್ಟವನು. ಸುಳ್ಳು ಅಂದರೆ ನನ್ನ ಸಾಕ್ಷಿಯೇ ಸುಳ್ಳುಗಾರ. ಗೊತ್ತಿಲ್ಲ ಅನ್ನಲು ಬಾಯಿ ತೆರೆದೆ.

ಇಪ್ಪತ್ತೆರಡು ವರ್ಷ ನೀನು ಜನರ ಮನೆಯೊಳಗೆ ನಿಂತು ಆಡಿದ್ದೆಲ್ಲ ನಾನು ಹೇಳಿಕೊಟ್ಟ ಮಾತು. ಕೋರ್ಟಿನಲ್ಲೂ ಏನು ಹೇಳಬೇಕೆಂದು ನಾನೇ ಬರೆದುಕೊಟ್ಟಿದ್ದೆ. ಅದನ್ನು ಬಿಟ್ಟು ನಿನ್ನದೇ ಒಂದು ಮಾತು ಹೇಳಿದೆ, ಅದೂ ನಿನ್ನನ್ನೇ ಜೈಲಿಗೆ ಹಾಕುವಂಥದ್ದು. ಅದನ್ನು ಗೊತ್ತಿಲ್ಲ ಅನ್ನಲು ನನ್ನ ನಾಲಿಗೆ ಹೊರಳಲಿಲ್ಲ. "ನಿಜ ಸಾರ್" ಅಂದೆ. "ಹಂಗಾದ್ರೆ ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?" ಎಂದು ಅವನು ಮೇಲೆ ಬಿದ್ದ. "ಅವನು ನನ್ ಫ್ರೆಂಡು ಸಾರ್" ಅಂದೆ. ಯೋಚನೆ ಮಾಡಿ ಹೇಳಿದ್ದಲ್ಲ, ತಾನಾಗಿ ಬಂತು. ಸಾಕ್ಷಿ ಬೇಕು ಎಂಬ ಲೆಕ್ಕಕ್ಕೆ ನಿನ್ನ ಹೆಸರು ಬಿಟ್ಟೆ ಎಂದು ನಿನಗೆ ಬರೆದಿದ್ದೆನಲ್ಲ, ಅದು ಸುಳ್ಳೆಂದು ನನಗೆ ಗೊತ್ತಾದದ್ದು ಆಗ.

ಕಳ್ಳತನದ ಕೇಸು ಇನ್ನು ನಿಲ್ಲುವುದಿಲ್ಲವಂತೆ. ತನ್ನ ಮೇಲೆ ತಾನೇ ಇಂಥದ್ದನ್ನು ಹಾಕಿಕೊಂಡವನನ್ನು ಜಡ್ಜರು ನಂಬುತ್ತಾರೆ ಎಂದು ನಮ್ಮ ವಕೀಲರು ಹೇಳಿದರು. ನಿನ್ನನ್ನೂ ಸೇರಿಸಿ ಈಗ ಐದು ಜನ ಆರೋಪಿಗಳು. ನನ್ನ ಒಂದು ಮಾತಿನಿಂದ ನೀನು ಒಳಗೆ ಹೋದೆ, ನಿನ್ನ ಒಂದು ಮಾತಿನಿಂದ ನಾನು ಹೊರಗೆ ಉಳಿದೆ.

ಜಾಮೀನಿಗೆ ತಕರಾರು ಇದೆಯೇ ಎಂದು ಕೇಳಿದರೆ ಇದೆ ಅನ್ನುತ್ತೇನೆ. ನಿನ್ನನ್ನು ನೋಡಲು ಬರುವುದಿಲ್ಲ. ಬಂದರೆ ಅಳುತ್ತೇನೆ, ನಾನು ಅತ್ತರೆ ನಿನಗೆ ಸಮಾಧಾನವಾಗುತ್ತದೆ. ನಿನಗೆ ಸಮಾಧಾನವಾಗುವುದು ನನಗೆ ಇನ್ನೂ ಬೇಡ.

ನಿನ್ನ,
ಗಂಗ